ಹತ್ತರಲ್ಲಿ ಎಷ್ಟು? ವಾಕ್ ಚಿಕಿತ್ಸೆಯ ಸ್ನಾತಕೋತ್ತರ ಪ್ರವೇಶಕ್ಕೆ ನಾನು ಮಾಡಿಕೊಂಡ ತಯಾರಿ

ತೆರೆಯ ಮೇಲೆ ನೀವು ಈಗ ನೋಡುತ್ತಿರುವ ಹಾಳೆ, ನಾನು ಬರೆದ ಮೊತ್ತಮೊದಲ ವೀಕ್ಷಣಾ ಟಿಪ್ಪಣಿ. "ಮಗು ತುಂಬ ಚೆನ್ನಾಗಿ ಸಹಕರಿಸಿತು, ಉಚ್ಚಾರಣೆಯಲ್ಲಿ ಒಳ್ಳೆಯ ಸುಧಾರಣೆ ಕಂಡುಬಂತು" ಎಂದು ನೀಲಿ ಶಾಯಿಯಲ್ಲಿ ಬರೆದವಳು ನಾನು. ಆ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೀಟು ಎಳೆದು, ಪಕ್ಕದಲ್ಲಿ "ಹತ್ತರಲ್ಲಿ ಎಷ್ಟು?" ಎಂದು ಕೇಳಿದವರು ಅಂದಿನ ಮೇಲ್ವಿಚಾರಕರು. ಪ್ರವೇಶದ ಅರ್ಜಿ ಹಾಕಿದ ಆ ಇಡೀ ವರ್ಷದಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತವಾದ ಸಲಹೆ ಅದೇ ಎಂಬುದು ತಿಳಿಯಲು ಮಾತ್ರ ಹಲವು ತಿಂಗಳು ಬೇಕಾದವು.

ಆ ದಿನ ನಡೆದದ್ದು ಇಷ್ಟು. ಕನ್ನಡಿಯಂತೆ ಕಾಣುವ ಗಾಜಿನ ಈಚೆಗೆ ನಾನು ಕುಳಿತಿದ್ದೆ; ಆಚೆಗೆ ನಾಲ್ಕೂವರೆ ವರ್ಷದ ಒಬ್ಬ ಹುಡುಗನೂ ಅವನ ಚಿಕಿತ್ಸಕಿಯೂ ಇದ್ದರು. ಅವನ ಬಾಯಲ್ಲಿ 'ಕ' ಎಲ್ಲವೂ 'ಟ' ಆಗುತ್ತಿತ್ತು. ನಾಲಗೆಯ ಹಿಂಭಾಗ ಮೇಲೇಳಬೇಕಾದ ಕಡೆ ತುದಿಯೇ ಓಡಿಬಂದು ಆ ಕೆಲಸವನ್ನು ಮುಗಿಸಿಬಿಡುತ್ತಿತ್ತು. ಮೇಜಿನ ಮೇಲೆ ಎರಡು ಚಿತ್ರಗಳಿದ್ದವು: ಒಂದು ಬೀಗದ ಕೈ, ಅಂದರೆ ಕೀ, ಇನ್ನೊಂದು ಚಹಾದ ಲೋಟ, ಅಂದರೆ ಟೀ. ಹುಡುಗನಿಗೆ ಬೇಕಾಗಿದ್ದದ್ದು ಕೀ, ಏಕೆಂದರೆ ಆಟಿಕೆಯ ಪೆಟ್ಟಿಗೆಗೆ ಬೀಗ ಹಾಕಿತ್ತು. ಅವನು "ಟೀ" ಎಂದ. ಚಿಕಿತ್ಸಕಿ ತಿದ್ದಲೂ ಇಲ್ಲ, ಬೇಸರಿಸಲೂ ಇಲ್ಲ. ಸುಮ್ಮನೆ ಲೋಟದ ಚಿತ್ರವನ್ನು ಅವನ ಕೈಗಿತ್ತರು. ಅವನು ಅದನ್ನು ದಿಟ್ಟಿಸಿ ನೋಡಿ, ಹುಬ್ಬು ಗಂಟಿಕ್ಕಿ, ತಲೆಯನ್ನು ಹಿಂದಕ್ಕೆ ಒಲೆದು, ಗಂಟಲಿನಿಂದ ಎಳೆದು ತಂದಂತೆ "ಕೀ" ಎಂದಾಗ ನಾನು ಗಾಜಿನ ಈಚೆಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ತಟ್ಟುವ ಸಂಭ್ರಮದಲ್ಲಿ ಎಣಿಸುವುದನ್ನು ಮರೆತೆ. ಆದ್ದರಿಂದಲೇ "ಹತ್ತರಲ್ಲಿ ಎಷ್ಟು?" ಎಂಬ, ಅಂದರೆ ಹತ್ತು ಸಲ ಹೇಳಿದ್ದರಲ್ಲಿ ಎಷ್ಟು ಸಲ ಸರಿ ಬಂತು ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಈ ದಾರಿಯನ್ನು ಹಿಡಿಯುವ ಯೋಚನೆಯಲ್ಲಿರುವವರಿಗಾಗಿ ಅದರ ಅಳತೆಗಳನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಸ್ಪೀಚ್-ಲ್ಯಾಂಗ್ವೇಜ್ ಪೆಥಾಲಜಿಸ್ಟ್, ಅಂದರೆ ಮಾತು ಮತ್ತು ಭಾಷೆಯ ಚಿಕಿತ್ಸಕರು, ಆಗಬೇಕಾದರೆ ಸ್ನಾತಕೋತ್ತರ ಪದವಿ ಬೇಕು. ವೃತ್ತಿಯ ಪ್ರಮಾಣಪತ್ರವನ್ನು ನೀಡುವುದು 1925ರಲ್ಲಿ ಆರಂಭವಾದ ಅಮೆರಿಕನ್ ಸ್ಪೀಚ್-ಲ್ಯಾಂಗ್ವೇಜ್-ಹಿಯರಿಂಗ್ ಅಸೋಸಿಯೇಷನ್. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ 'ಆಶಾ' ಎನ್ನುತ್ತಾರೆ, ಹಾಗಾಗಿ ನನ್ನ ಅಮ್ಮ ಬಹಳ ದಿನ ಆಶಾ ಎಂದರೆ ನನ್ನ ಅಧ್ಯಾಪಕಿಯೊಬ್ಬರ ಹೆಸರೆಂದೇ ತಿಳಿದಿದ್ದರು. ಆ ಪ್ರಮಾಣಪತ್ರಕ್ಕೆ 400 ಗಂಟೆಗಳ ಕ್ಲಿನಿಕಲ್ ಅನುಭವ ಬೇಕು. ಅದರಲ್ಲಿ 25 ಗಂಟೆ ಮಾರ್ಗದರ್ಶನದಲ್ಲಿ ಕುಳಿತು ನೋಡುವುದು, ಉಳಿದ 375 ಗಂಟೆ ಕೈಯಾರೆ ಮಾಡುವುದು. ಇದರ ಮೇಲೆ ಪ್ರಾಕ್ಸಿಸ್ ಎಂಬ ವೃತ್ತಿ ಅರ್ಹತಾ ಪರೀಕ್ಷೆಯಲ್ಲಿ 100ರಿಂದ 200ರವರೆಗಿನ ಅಳತೆಯಲ್ಲಿ 162 ಅಂಕ ಬರಬೇಕು. ಪದವಿ ಮುಗಿದ ನಂತರ ಕನಿಷ್ಠ 36 ವಾರಗಳ, 1260 ಗಂಟೆಗಳ ಫೆಲೋಶಿಪ್, ಅಂದರೆ ಮಾರ್ಗದರ್ಶಕರ ಕೈಕೆಳಗಿನ ವೃತ್ತಿ ಅನುಭವ, ಮುಗಿಸಬೇಕು. ನಾನು ಈ ಪಟ್ಟಿಯ ತೀರಾ ಮೊದಲನೆಯ ಮೆಟ್ಟಿಲಿನಲ್ಲಿ, 25 ಗಂಟೆಗಳ ಅಂಚಿನಲ್ಲಿ ನಿಂತಿದ್ದೆ.

ನಾನು ಪದವಿಯಲ್ಲಿ ಓದಿದ್ದು ಭಾಷಾವಿಜ್ಞಾನ. ಭಾಷೆ ಗೊತ್ತಿದ್ದರೆ ಮುಕ್ಕಾಲು ಪಾಲು ಗೆದ್ದಂತೆ ಎಂದು ನಾನು ಭಾವಿಸಿದ್ದೆ. ಆದರೆ ಪೂರ್ವಾರ್ಹತೆಯ ಪಟ್ಟಿಯಲ್ಲಿ ಜೀವವಿಜ್ಞಾನವಿತ್ತು, ಸಂಖ್ಯಾಶಾಸ್ತ್ರವಿತ್ತು, ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರಗಳಲ್ಲಿ ಒಂದಿತ್ತು, ಸಾಮಾಜಿಕ ಅಥವಾ ವರ್ತನಾ ವಿಜ್ಞಾನವೂ ಇತ್ತು. ಇವುಗಳ ಜೊತೆಗೆ ಮಾತು ಮತ್ತು ಶ್ರವಣದ ಅಂಗರಚನೆ, ಮಕ್ಕಳ ಭಾಷಾ ಬೆಳವಣಿಗೆ, ಶ್ರವಣವಿಜ್ಞಾನದ ಪರಿಚಯ, ಧ್ವನಿವಿಜ್ಞಾನ ಎಂಬ ಸಾಲೂ ಇತ್ತು. ಬೇರೆ ವಿಷಯಗಳಿಂದ ಬರುವವರು ಇವುಗಳಿಗಾಗಿ ಒಂದು ವರ್ಷವನ್ನು ಪ್ರತ್ಯೇಕವಾಗಿ ಎತ್ತಿಡಬೇಕಾಗುತ್ತದೆ ಎಂಬುದನ್ನು ಅರ್ಜಿಯ ಲೆಕ್ಕ ಹಾಕುವಾಗಲೇ ಸೇರಿಸಿಕೊಳ್ಳಿ. ಸಂಖ್ಯಾಶಾಸ್ತ್ರದ ಬಗ್ಗೆ ನಾನು ಏನೂ ಹೇಳುವುದಿಲ್ಲ, ಪಾಸಾದೆ, ಅಷ್ಟೇ.

ಧ್ವನಿವಿಜ್ಞಾನದ ಬಗ್ಗೆ ಮಾತ್ರ ಹೇಳಲೇಬೇಕು, ಏಕೆಂದರೆ ನನಗೆ ಅತ್ಯಂತ ಸುಲಭವಾಗಬೇಕಿದ್ದ ವಿಷಯವೇ ನನ್ನನ್ನು ಮೊದಲು ಕೆಡವಿತು. ಅಂತರರಾಷ್ಟ್ರೀಯ ಧ್ವನಿಲಿಪಿ 1888ರಿಂದ ಬಳಕೆಯಲ್ಲಿದೆ. ಕಿವಿಗೆ ಬಿದ್ದದ್ದನ್ನು ಬಿದ್ದಂತೆಯೇ ಬರೆಯುವುದು ಅದರ ಧರ್ಮ. ಕನ್ನಡದಲ್ಲಿ ನಾವು 'ತ' ಎನ್ನುವಾಗ ನಾಲಗೆ ಹಲ್ಲನ್ನು ಮುಟ್ಟುತ್ತದೆ, 'ಟ' ಎನ್ನುವಾಗ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಇಂಗ್ಲಿಷಿನವರ ಧ್ವನಿ ಇವೆರಡರ ನಡುವೆ, ಹಲ್ಲಿನ ಹಿಂದಿನ ದಿಣ್ಣೆಯ ಮೇಲೆ ಹುಟ್ಟುತ್ತದೆ. ನನ್ನ ಕಿವಿಗೆ ಆ ನಡುವಿನ ಜಾಗ ಇರಲೇ ಇಲ್ಲ. ಅಲ್ಲಿ ಹುಟ್ಟಿದ್ದನ್ನೆಲ್ಲ ಎತ್ತಿ 'ಟ'ದ ಗೂಡಿಗೆ ಹಾಕುತ್ತಿತ್ತು. ಧ್ವನಿಲಿಪಿಯಲ್ಲಿ ನಮ್ಮ 'ಟ'ಕಾರಕ್ಕೆ ಕೆಳಗೊಂದು ಪುಟ್ಟ ಬಾಲವಿರುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ನಾನು ಅಮೆರಿಕದ ಹುಡುಗಿಯೊಬ್ಬಳ ಮಾತಿಗೆ 17 ಬಾಲಗಳನ್ನು ಅಂಟಿಸಿದ್ದೆ, ಅಧ್ಯಾಪಕರು 17ಕ್ಕೂ ಕೆಂಪು ಸುತ್ತು ಹಾಕಿದ್ದರು. ಆದರೆ ಇನ್ನೊಂದು ಕಡೆ ಅದೇ ಕಿವಿ ನನ್ನನ್ನು ಕಾಪಾಡಿತು. 'ಪಿನ್' ಎನ್ನುವಾಗ ಇಂಗ್ಲಿಷಿನವರ ತುಟಿಯಿಂದ ಉಸಿರು ಚಿಮ್ಮುತ್ತದೆ, 'ಸ್ಪಿನ್' ಎನ್ನುವಾಗ ಚಿಮ್ಮುವುದಿಲ್ಲ. ಸಹಪಾಠಿಗಳಿಗೆ ಎರಡೂ ಒಂದೇ ಧ್ವನಿ. ಅಲ್ಪಪ್ರಾಣ, ಮಹಾಪ್ರಾಣ ಎಂದು ಕಾಗುಣಿತದ ಜೊತೆಗೇ ಬಾಯಿಪಾಠ ಮಾಡಿದವಳಿಗೆ ಅದು ಮೊದಲ ದಿನವೇ ಕೇಳಿಸಿತು. ನಮ್ಮ ದಿನಬಳಕೆಯ ಮಾತಿನಲ್ಲಿ ಮಹಾಪ್ರಾಣ ಎಷ್ಟು ಉಳಿದಿದೆ ಎಂಬುದು ಬೇರೆ ವಿಚಾರ, ಅದನ್ನು ಇಲ್ಲಿ ಕೆದಕುವುದಿಲ್ಲ.

ಈ ಮಾತಿನ ಬೆನ್ನಿಗೇ ಏಳುವ ಪ್ರಶ್ನೆಯೊಂದನ್ನು ಹಲವರು ನನಗೆ ಕೇಳಿದ್ದಾರೆ: ನಮ್ಮದೇ ಉಚ್ಚಾರಣೆಯ ಇಂಗ್ಲಿಷ್ ಇಟ್ಟುಕೊಂಡು ಇತರರ ಉಚ್ಚಾರಣೆಯನ್ನು ತಿದ್ದಲು ನಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ? ಈ ಭಯ ನನಗೂ ಇತ್ತು, ನನ್ನ 'ವ'ಕಾರ ಇಂಗ್ಲಿಷಿನ ವಿ, ಡಬ್ಲ್ಯು ಎಂಬ ಎರಡು ಧ್ವನಿಗಳಿಗೆ ಒಂದೇ ಹೊದಿಕೆಯಾಗಿತ್ತು. ಆಶಾ 1998ರಲ್ಲಿಯೇ ಇದರ ಬಗ್ಗೆ ತನ್ನ ನಿಲುವನ್ನು ಪ್ರಕಟಿಸಿದೆ. ವಿದ್ಯಾರ್ಥಿಗೆ ಅಗತ್ಯವಾದ ತಿಳಿವಳಿಕೆಯಿದ್ದು, ದೋಷವನ್ನು ಗುರುತಿಸಿ ಚಿಕಿತ್ಸೆ ನೀಡಬಲ್ಲವನಾಗಿ, ಬೇಕಾದ ಧ್ವನಿಯನ್ನು ಮಾಡಿ ತೋರಿಸಬಲ್ಲವನಾಗಿದ್ದರೆ, ಅವನ ಉಚ್ಚಾರಣೆಯ ಶೈಲಿಯೊಂದೇ ಅಡ್ಡಿಯಾಗಬಾರದು ಎಂಬುದು ಅದರ ಸಾರ. ನಾನು ಕನ್ನಡಿಯ ಮುಂದೆ ನಿಂತು, ಮೇಲಿನ ಹಲ್ಲನ್ನು ಕೆಳತುಟಿಗೆ ಒತ್ತಿ ಒಂದು, ತುಟಿಗಳನ್ನು ದುಂಡಗೆ ಮಾಡಿ ಇನ್ನೊಂದು ಎಂದು ಅಭ್ಯಾಸ ಮಾಡಿದೆ. ನನ್ನ ಮಾತು ಬದಲಾಗಲಿಲ್ಲ, ಬೇಕಾದಾಗ ತೋರಿಸಲು ಬಂತು.

ಅರ್ಜಿಯ ಯಂತ್ರಾಂಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಹುಪಾಲು ವಿಶ್ವವಿದ್ಯಾಲಯಗಳು ಸಿಎಸ್‌ಡಿಕ್ಯಾಸ್ ಎಂಬ ಒಂದೇ ಜಾಲತಾಣದ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ. ನೀವು ಓದಿದ ಪ್ರತಿಯೊಂದು ಪತ್ರಿಕೆಯನ್ನೂ ಅದರ ಅವಧಿ, ಕ್ರೆಡಿಟ್, ಶ್ರೇಣಿಗಳೊಂದಿಗೆ ನೀವೇ ತುಂಬಬೇಕು. ಒಮ್ಮೆ ಕಡಿಮೆ ಅಂಕ ಬಂದು ಮತ್ತೆ ಬರೆದಿದ್ದರೆ, ಸರಾಸರಿಯಲ್ಲಿ ಎರಡೂ ಸೇರುತ್ತವೆ. ನಾನು ಎರಡು ಸೆಮಿಸ್ಟರ್‌ಗಳ ಪತ್ರಿಕೆಗಳನ್ನು ಒಂದೇ ಅವಧಿಯ ಕೆಳಗೆ ತುಂಬಿಸಿದ್ದರಿಂದ ಪರಿಶೀಲನೆಯವರು ಅರ್ಜಿಯನ್ನು ನನಗೇ ವಾಪಸು ಕಳಿಸಿದರು. ತಿದ್ದಿ ಕಳುಹಿಸಿ ಮತ್ತೆ ಸರದಿಯಲ್ಲಿ ಕಾಯುವ ಹೊತ್ತಿಗೆ ನನ್ನ ಪಟ್ಟಿಯಲ್ಲಿದ್ದ ಒಂದು ವಿಶ್ವವಿದ್ಯಾಲಯದ ಗಡುವು ದಾಟಿತ್ತು. ಕೆಲವರಿಗೆ ಗಡುವಿನೊಳಗೆ ಅರ್ಜಿ ಸಲ್ಲಿಕೆಯಾಗಿದ್ದರೆ ಸಾಕು, ಕೆಲವರಿಗೆ ಗಡುವಿನೊಳಗೆ ಪರಿಶೀಲನೆಯೂ ಮುಗಿದಿರಬೇಕು. ಈ ಒಂದು ಪದದ ವ್ಯತ್ಯಾಸವನ್ನು ನಾನು ಓದಿರಲಿಲ್ಲ. ವಿದೇಶದ ಅಂಕಪಟ್ಟಿಯಿದ್ದರೆ ಅದರ ಪತ್ರಿಕೆವಾರು ಮೌಲ್ಯಮಾಪನಕ್ಕೆ ಹಿಡಿಯುವ ವಾರಗಳನ್ನೂ ಇದಕ್ಕೆ ಕೂಡಿಸಿ.

ಯಾವ ವಿಶ್ವವಿದ್ಯಾಲಯ ಎಂಬ ಆಯ್ಕೆಯಲ್ಲಿ ಹೆಸರಿಗೆ ಮರುಳಾಗುವುದಕ್ಕಿಂತ ಅಂಕಿಗಳನ್ನು ನೋಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಆಶಾ ನಡೆಸುವ ಎಡ್‌ಫೈಂಡ್ ಎಂಬ ಹುಡುಕುತಾಣದಲ್ಲಿ ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರಿಗೆ ಸೀಟು ಸಿಕ್ಕಿತು ಎಂಬಂಥ ವಿವರಗಳು ಸಿಗುತ್ತವೆ. ಮಾನ್ಯತೆ ಪಡೆದ ಪ್ರತಿಯೊಂದು ವಿಭಾಗವೂ ಎಷ್ಟು ವಿದ್ಯಾರ್ಥಿಗಳು ಸಕಾಲದಲ್ಲಿ ಓದು ಮುಗಿಸಿದರು, ಎಷ್ಟು ಜನ ಪ್ರಾಕ್ಸಿಸ್ ಪಾಸಾದರು ಎಂಬುದನ್ನು ಬಹಿರಂಗವಾಗಿ ಪ್ರಕಟಿಸಲೇಬೇಕು. ಜಿಆರ್‌ಇ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯನ್ನು ಬಹಳ ವಿಭಾಗಗಳು ಕೈಬಿಟ್ಟಿವೆ. ನಾನು ಆರಿಸಿಕೊಂಡ ಎಂಟು ವಿಶ್ವವಿದ್ಯಾಲಯಗಳಲ್ಲಿ ಅದನ್ನು ಕೇಳಿದ್ದು ಒಂದೇ.

ಇನ್ನು ಉದ್ದೇಶ ಪತ್ರ, ಅಂದರೆ ಈ ಓದು ನನಗೇಕೆ ಬೇಕು ಎಂದು ಅರ್ಜಿಯ ಜೊತೆಗೆ ಬರೆಯುವ ಪತ್ರ. ನನ್ನ ಮೊದಲ ಕರಡು "ಮಾತು ಮನುಷ್ಯನಿಗೆ ದೊರೆತ ಅಮೂಲ್ಯ ವರ" ಎಂದು ಆರಂಭವಾಗಿ, ಎರಡನೆಯ ಪ್ಯಾರಾದಲ್ಲಿ ನನ್ನ ಸಹಾನುಭೂತಿಯನ್ನೂ ತಾಳ್ಮೆಯನ್ನೂ ಹೊಗಳಿ, ಮೂರನೆಯದರಲ್ಲಿ ಕನಸಿನ ಬಗ್ಗೆ ಮಾತನಾಡುತ್ತಿತ್ತು. ಶಿಫಾರಸು ಪತ್ರ ಕೇಳಲು ಹೋದಾಗ ಧ್ವನಿವಿಜ್ಞಾನದ ಅಧ್ಯಾಪಕರಿಗೆ ಅದನ್ನು ತೋರಿಸಿದೆ. ಅವರು ಓದಿ, "ತಾಳ್ಮೆ ಎಂದಿದ್ದೀಯಲ್ಲ, ಎಷ್ಟು ಸೆಕೆಂಡು?" ಎಂದು ಕೇಳಿದರು. ತಮಾಷೆಯೆಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಆದರೆ ಆ ಪ್ರಶ್ನೆಗೆ ನನ್ನ ಬಳಿ ನಿಜವಾಗಿಯೂ ಉತ್ತರವಿತ್ತು. ಅಫೇಸಿಯಾ ಇರುವವರ ಸಂಭಾಷಣಾ ಗುಂಪೊಂದರಲ್ಲಿ ನಾನು ವಾರಕ್ಕೊಮ್ಮೆ ಸ್ವಯಂಸೇವಕಿಯಾಗಿ ಕುಳಿತುಕೊಳ್ಳುತ್ತಿದ್ದೆ. ಪಾರ್ಶ್ವವಾಯುವಿನಿಂದ ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಬುದ್ಧಿ ನೆಟ್ಟಗಿದ್ದರೂ ಪದ ಕೈಗೆ ಸಿಗದಂತಾಗುವ ಸ್ಥಿತಿ ಅದು. ಪ್ಯಾರಿಸಿನಲ್ಲಿ ಪಾಲ್ ಬ್ರೋಕಾ 1861ರಲ್ಲಿ ವರದಿ ಮಾಡಿದ ರೋಗಿ ಬಹುತೇಕ 'ಟಾನ್' ಎಂಬ ಒಂದೇ ಶಬ್ದವನ್ನು ಆಡುತ್ತಿದ್ದನು ಎಂದು ಪುಸ್ತಕದಲ್ಲಿ ಓದಿದ್ದೆ. ಎದುರಿಗೆ ಕುಳಿತು ಕಂಡದ್ದು ಬೇರೆ. ಬಡಗಿಯಾಗಿದ್ದ ಹಿರಿಯರೊಬ್ಬರು ತಮ್ಮ ಮನೆಯ ಮಾಡು ಸೋರಿದ ಕಥೆ ಹೇಳುತ್ತ ಏಣಿ ಎಂಬ ಪದದ ಬಳಿ ಬಂದು ನಿಂತರು. ಎರಡು ಕೈಗಳನ್ನೂ ಮುಷ್ಟಿ ಮಾಡಿ ಒಂದರ ಮೇಲೊಂದು ಹತ್ತಿಸಿದರು. ಪದ ನನ್ನ ನಾಲಗೆಯ ತುದಿಯಲ್ಲಿತ್ತು, ಹೇಳಿಬಿಟ್ಟಿದ್ದರೆ ಕಥೆ ಮುಂದೆ ಸಾಗುತ್ತಿತ್ತು. ಮೇಜಿನ ಆಚೆಯಿದ್ದ ಚಿಕಿತ್ಸಕಿ ನನ್ನತ್ತ ಒಮ್ಮೆ ನೋಡಿದರು, ನಾನು ತುಟಿ ಬಿಗಿದುಕೊಂಡು ಗೋಡೆಯ ಗಡಿಯಾರವನ್ನು ನೋಡಿದೆ. ಹನ್ನೊಂದನೆಯ ಸೆಕೆಂಡಿಗೆ ಅವರು ತಾವೇ "ಏಣಿ" ಎಂದರು, ಮೇಜಿಗೆ ಒಂದು ಗುದ್ದು ಕೊಟ್ಟರು, ಕಥೆ ಮುಂದುವರಿಸಿದರು. ನನ್ನ ಉದ್ದೇಶ ಪತ್ರ ಕೊನೆಗೆ ಆ ಹನ್ನೊಂದು ಸೆಕೆಂಡುಗಳಿಂದಲೇ ಆರಂಭವಾಯಿತು. ಅಮೂಲ್ಯ ವರವನ್ನೂ ಕನಸನ್ನೂ ತೆಗೆದುಹಾಕಿದೆ. ತಾಳ್ಮೆ ಎಂಬ ಪದವೂ ಅದರಲ್ಲಿ ಉಳಿಯಲಿಲ್ಲ.

ಸಂದರ್ಶನದಲ್ಲಿ ಇದೇ ಮೌನ ನನ್ನನ್ನು ಕೈಬಿಟ್ಟಿತು. ಎರಡು ಕಡೆ ಎದುರಿಗೆ ಮನುಷ್ಯರೇ ಇರಲಿಲ್ಲ: ತೆರೆಯ ಮೇಲೆ ಪ್ರಶ್ನೆ ಮೂಡುತ್ತದೆ, ಯೋಚಿಸಲು ಅರ್ಧ ನಿಮಿಷ, ಆಮೇಲೆ ಕೆಂಪು ದೀಪ ಹೊತ್ತಿ ಮಾತು ದಾಖಲಾಗುತ್ತದೆ. ಸಹೋದ್ಯೋಗಿಯೊಬ್ಬರು ಮಾಡದ ಚಿಕಿತ್ಸೆಯನ್ನು ಮಾಡಿದಂತೆ ಬರೆದದ್ದು ಗೊತ್ತಾದರೆ ಏನು ಮಾಡುತ್ತೀರಿ ಎಂದು ಕೇಳಿದ್ದರು. ವಾರಗಟ್ಟಲೆ ಕ್ಯಾಮೆರಾದ ಮುಂದೆ ಮಾತನಾಡಿದ ನನಗೆ ಇದು ನೀರು ಕುಡಿದಷ್ಟು ಸುಲಭವೆಂದುಕೊಂಡಿದ್ದೆ, ಆದರೆ ಇಲ್ಲಿ ಕತ್ತರಿಸುವ ಅವಕಾಶವಿಲ್ಲ ಎಂಬುದು ನೆನಪಾದ ಕ್ಷಣವೇ ಗಂಟಲು ಒಣಗಿತು. ನಾನು ಮೊದಲು ಅವರೊಂದಿಗೇ ಮಾತನಾಡಿ, ಬಳಿಕ ಮೇಲ್ವಿಚಾರಕರಿಗೆ ತಿಳಿಸುತ್ತೇನೆ ಎಂದೇನೋ ಹೇಳಿದೆ. ಹೇಳಿದ ಕ್ರಮ ಸರಿಯಿತ್ತು, ಹೇಳಿದ ರೀತಿ ದೇವರಿಗೇ ಪ್ರೀತಿ.

ಎಂಟರಲ್ಲಿ ಒಂದು ಗಡುವಿಗೆ ಬಲಿಯಾಯಿತು, ನಾಲ್ಕು ಕಡೆ ಇಲ್ಲ ಎಂದರು, ಎರಡು ಕಡೆ ಕಾಯುವ ಪಟ್ಟಿಯಲ್ಲಿ ಇಟ್ಟರು, ಒಂದರಿಂದ ಉತ್ತರವೇ ಬರಲಿಲ್ಲ. ಆರ್ಥಿಕ ನೆರವಿನ ಆಹ್ವಾನ ಪಡೆದವರು ಏಪ್ರಿಲ್ 15ರವರೆಗೆ ತೀರ್ಮಾನ ತಿಳಿಸದೆ ಇರಬಹುದು ಎಂಬ ಒಪ್ಪಂದ ಅಲ್ಲಿನ ಬಹಳ ವಿಶ್ವವಿದ್ಯಾಲಯಗಳಲ್ಲಿದೆ. ಹಾಗಾಗಿ ಕಾಯುವ ಪಟ್ಟಿ ಕದಲುವುದೇ ಆ ದಿನದ ಆಸುಪಾಸಿನಲ್ಲಿ. ನನಗೆ ಪ್ರವೇಶದ ಪತ್ರ ಬಂದದ್ದು 17ನೆಯ ತಾರೀಖು, ಸಂಖ್ಯಾಶಾಸ್ತ್ರದ ಹಳೆಯ ಪುಸ್ತಕವನ್ನು ಮಾರಲು ಫೋಟೊ ತೆಗೆಯುತ್ತಿದ್ದಾಗ. ಪುಸ್ತಕವನ್ನು ಮಾರಲಿಲ್ಲ.

ತರಗತಿಗಳು ಆರಂಭವಾಗಲು ಇನ್ನೂ ಸಮಯವಿದೆ. ನರಗಳ ರಚನೆಯನ್ನು ಮತ್ತೊಮ್ಮೆ ಓದುತ್ತಿದ್ದೇನೆ. ಜೊತೆಗೆ ಒಬ್ಬರ ಸಹಜ ಮಾತಿನ ತುಣುಕನ್ನು ಬರೆದುಕೊಳ್ಳುವ ಅಭ್ಯಾಸಕ್ಕೆಂದು ನನ್ನದೇ ಹಳೆಯ ವ್ಲಾಗ್‌ಗಳ ನಿರೂಪಣೆಯನ್ನು ಐದೈದು ನಿಮಿಷ ಕೇಳಿ, ಆಡಿದ್ದನ್ನು ಆಡಿದಂತೆಯೇ ಬರೆಯುತ್ತಿದ್ದೇನೆ. ಕಳೆದ ವರ್ಷದ ಒಂದು ತುಣುಕಿನಲ್ಲಿ "ಅಂದರೆ" ಎಂಬ ಪದ 23 ಸಲ ಬಂದಿದೆ. ಅದನ್ನು ಸಹಿಸಿಕೊಂಡ ನಿಮಗೆ ನಮಸ್ಕಾರ. ಮೌನ ಮಾತ್ರ ಒಂದೂ ಸಿಗಲಿಲ್ಲ. ಪದಕ್ಕಾಗಿ ತಡಕಾಡಿದ ಪ್ರತಿಯೊಂದು ಜಾಗವನ್ನೂ ಸಂಕಲನದಲ್ಲಿ ನಾನೇ ಕತ್ತರಿಸಿ ಬಿಸಾಡಿದ್ದೆ.

ಈ ವಿಡಿಯೊದ ಕೊನೆಗೆ ಹನ್ನೊಂದು ಸೆಕೆಂಡು ಬಿಟ್ಟಿದ್ದೇನೆ. ಏನೂ ಕೇಳಿಸದಿದ್ದರೆ ಅದು ನಿಮ್ಮ ಫೋನಿನ ದೋಷವಲ್ಲ, ದಯವಿಟ್ಟು ಮುಂದಕ್ಕೆ ಓಡಿಸಬೇಡಿ.