ಸರ್ಕಾರಿ ಆಸ್ಪತ್ರಿನೋ ಪ್ರೈವೇಟ್ ಕ್ಲಿನಿಕ್ಕೋ? ಮಗನ ಎಡಿಎಚ್‌ಡಿ ತಪಾಸಣಿ | ಮುಂಬೈ ವ್ಲಾಗ್

ಇದು ಕುರ್ಲಾ ರೀ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಬಂದು ಇಲ್ಲೆ ಸ್ಲೋ ಲೋಕಲ್ ಹತ್ತಬೇಕು. ಈ ಗದ್ದಲದಾಗ ನನ್ನ ದನಿ ನನಗೇ ಕೇಳಸಲಿಲ್ಲ, ಅದಕ್ಕ ಮನಿಗೆ ಬಂದು ವಾಯ್ಸ್‌ಓವರ್ ಕೊಡ್ಲಿಕ್ಕತ್ತೀನಿ. ಮಗನ ಮುಖ ಬ್ಲರ್ ಮಾಡೀನಿ, ಯಾಕ ಅಂತ ಕೇಳಬ್ಯಾಡ್ರಿ. ಎಂಟು ವರ್ಷದವ. ಎಡಿಎಚ್‌ಡಿ, ಅಂದ್ರ ಗಮನ ನಿಲ್ಲದ, ಅತಿ ಚಟುವಟಿಕಿಯ ತೊಂದರಿ, ಅದನೋ ಇಲ್ಲೋ ಒಮ್ಮೆ ತೋರಸ್ರಿ ಅಂತ ಶಾಲಿಯವರೇ ಅಂದಾರ.

ಇದು ಪಾಲಿಕೆ ಆಸ್ಪತ್ರಿ. ಒಳಗ ಶೂಟಿಂಗ್ ಮಾಡಿಲ್ಲ, ಬರೇ ಗೇಟು. ಕೇಸ್ ಪೇಪರ್ 10 ರೂಪಾಯಿ. ಪ್ರೈವೇಟ್ ಕ್ಲಿನಿಕ್‌ನವರು ಫೋನ್‌ನ್ಯಾಗ ಹೇಳಿದ್ದು 9,000. ಆಮ್ಯಾಲೆ ರಿಪೋರ್ಟಿಗೆ ಬ್ಯಾರೆ, ರಿಪೋರ್ಟ್ ತಿಳಿಸಿ ಹೇಳೂದಕ್ಕ ಮತ್ತ ಬ್ಯಾರೆ. ರಿಪೋರ್ಟ್ ಕೊಡದ ತಪಾಸಣಿ ಯಾರಿಗೆ ಬೇಕಾಗ್ಯದ ಹೇಳ್ರಿ? ಎಲ್ಲಾ ಕೂಡಿಸಿದ್ರ ಹನ್ನೆರಡು ಸಾವಿರದ ಹತ್ರ ಹೋಗ್ತದ. ನಮ್ಮ ಅತ್ತಿಯವರು, "ಅಷ್ಟ್ ರೊಕ್ಕ ಯಾಕವ್ವಾ, ಇವರಪ್ಪನೂ ಸಣ್ಣಾಂವ ಇದ್ದಾಗ ಹಿಂಗೇ ಇದ್ದ" ಅಂದ್ರು. ಪಾಲಿಕೆ ಡಾಕ್ಟರ್ ಮುಂದ ಇದನ್ನ ಹೇಳಿದ್ರ ಅವರು ತಕ್ಷಣ ಬರಕೊಂಡ್ರು! ಇದು ಮನೆತನದಾಗ ಬರೂದು ಭಾಳ ಅಂತ. ನಮ್ಮ ಮನಿಯವರ ಮುಖ ನೋಡಬೇಕಿತ್ತು ನೀವು.

ಈಗ ಫಾರ್ಮಿನ ಕಥಿಗೆ ಬರ್ತೀನಿ. ಹತ್ರದಿಂದ ತಗದೀನಿ, ಪಾಸ್ ಮಾಡಿ ನೋಡ್ರಿ. ಇದು ವ್ಯಾಂಡರ್‌ಬಿಲ್ಟ್ ಅನ್ನೋ ಪ್ರಶ್ನಾವಳಿ. ತಂದಿ-ತಾಯಿದು 55 ಪ್ರಶ್ನೆ, ಟೀಚರ್‌ದು 43. ಮೊದಲಿನ ಪುಟದಾಗ ನಾಲ್ಕು ಕಾಲಮ್ಮು: ಎಂದೂ ಇಲ್ಲ, ಒಮ್ಮೊಮ್ಮೆ, ಪದೇಪದೇ, ಭಾಳ ಪದೇಪದೇ. ನಮ್ಮ ಕ್ಲಾಸ್ ಟೀಚರ್ ಏನ್ ಮಾಡ್ಯಾರ? "ಒಮ್ಮೊಮ್ಮೆ" ಕಾಲಮ್ಮಿನಾಗ ಮ್ಯಾಲಿಂದ ಕೆಳಗಿನ ತನಕ ನೀಲಿ ಪೆನ್ನಿಲೆ ಒಂದೇ ಗೆರಿ ಎಳದಾರ. ಟಿಕ್ ಹಾಕೂದೂ ಬ್ಯಾಸರ! "ಸಾಮಾನು ಕಳಕೊಳ್ತಾನ" ಅನ್ನೂದಕ್ಕೂ ಒಮ್ಮೊಮ್ಮೆ. ಇದೇ ಬಾಯಾರು ವಾರಕ್ಕೊಮ್ಮೆ ಡೈರಿಯೊಳಗ "ಪೆನ್ಸಿಲ್ ಬಾಕ್ಸ್ ಮತ್ತೆ ಕಳೆದಿದೆ" ಅಂತ ಕೆಂಪು ಶಾಯಿಲೆ ಬರದು ಕಳಿಸ್ತಾರ. ಆ ಡೈರಿನೂ ತೋರಸೀನಿ, ನೋಡ್ರಿ.

ತಮಾಷಿ ಏನಂದ್ರ, ಲೆಕ್ಕಕ್ಕ ಹಿಡಿಯೂದು ಕೊನೇ ಎರಡು ಕಾಲಮ್ಮು ಅಷ್ಟ. "ಒಮ್ಮೊಮ್ಮೆ" ಎಷ್ಟಿದ್ರೂ ಸೊನ್ನಿ. ಅಂದ್ರ ಆ ಒಂದು ಗೆರಿ ಪ್ರಕಾರ ನನ್ನ ಮಗ ಶಾಲಿಯೊಳಗ ಅಗದಿ ಶಾಣ್ಯಾ, ಶಾಂತ, ಏನೂ ತೊಂದರಿ ಇಲ್ಲ. ಹಂಗಾದ್ರ ನಮ್ಮನ್ನ ಕಳಿಸಿದ್ದ್ಯಾಕ? ಅವರದೂ ಪೂರ್ತಿ ತಪ್ಪಲ್ಲ ಬಿಡ್ರಿ. ಜೂನ್‌ನ್ಯಾಗ ಬಂದವರು, ಐವತ್ತರ ಮ್ಯಾಲೆ ಹುಡುಗ್ರು. ಆದ್ರೂ ಗೆರಿ ಎಳೀತಾರೇನ್ರಿ ಯಾರಾದ್ರೂ?

ಪಾಲಿಕೆ ಡಾಕ್ಟರ್ ಅದನ್ನ ನೋಡಿ ನಮಗ ತಿರುಗಿ ಕೊಟ್ಟುಬಿಟ್ರು. ಬ್ಯಾರೆ ಟೀಚರ್ ಕಡೆ ತುಂಬಿಸಿಕೊಂಡು ಬರ್ರಿ, ಅಷ್ಟರಾಗ ಕಣ್ಣು, ಕಿವಿ ಎರಡೂ ಪರೀಕ್ಷೆ ಮಾಡಸ್ರಿ ಅಂದ್ರು. ಒಂದು ರಜಾ ಹಾಳು. ಸಿಟ್ಟು ಬಂದು ಗೇಟಿನ ಹೊರಗ ನಿಂತೇ ಪ್ರೈವೇಟಿಗೆ ಫೋನ್ ಹಚ್ಚಿದೆ. ಫೋನ್ ಎತ್ತಿದಾಕಿ ಎಷ್ಟು ಸವಿಯಾಗಿ, "ಟೀಚರ್ ಫಾರ್ಮ್ ಇಲ್ಲಂದ್ರೂ ನಡೀತದ ಮ್ಯಾಡಮ್, ಶನಿವಾರ ರಿಪೋರ್ಟ್ ಕೊಡ್ತೀವಿ" ಅಂದಳು. ಅಲ್ಲೇ ನನ್ನ ಸಿಟ್ಟು ಪ್ರೈವೇಟಿನ ಕಡೆ ತಿರುಗಿತು. ಎಡಿಎಚ್‌ಡಿಗೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಲಕ್ಷಣ ಮನಿಯಾಗೂ ಇರಬೇಕು, ಶಾಲಿಯಾಗೂ ಇರಬೇಕು, ಆರು ತಿಂಗಳಾದ್ರೂ ಇರಬೇಕು, ಹನ್ನೆರಡು ವಯಸ್ಸಿನೊಳಗ ಶುರುವಾಗಿರಬೇಕು. ಶಾಲಿ ಮಾತೇ ಕೇಳದ ರಿಪೋರ್ಟಿಗೆ ಹನ್ನೆರಡು ಸಾವಿರ ಯಾವ ಲೆಕ್ಕ?

ಎಲ್ಲಾ ಪ್ರೈವೇಟೂ ಹಂಗ ಅಂತ ಹೇಳ್ಲಿಕ್ಕತ್ತಿಲ್ಲ. ರೊಕ್ಕ, ಪುರುಸೊತ್ತು ಎರಡೂ ಇದ್ರ ನಾನೂ ಹೋಗ್ತಿದ್ದೆ, ಸುಳ್ಳ್ಯಾಕ ಹೇಳ್ಲಿ. ಸೈಕಾಲಜಿಸ್ಟ್‌ದು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳ್ರಿ, ಶಾಲಿ ಫಾರ್ಮ್ ತಗೊಳ್ತೀರೇನು ಕೇಳ್ರಿ, ಆಮ್ಯಾಲೆ ರೊಕ್ಕದ ಮಾತು. ಬುದ್ಧಿಮಟ್ಟದ ಪರೀಕ್ಷೆಗೆ ಕೆಲವರು ಬಿನೆ-ಕಾಮತ್ ಅಂತ ಹೇಳ್ತಾರಲ್ಲ, ಆ ಕಾಮತರು ನಮ್ಮ ಧಾರವಾಡದಾಗ ಕೆಲಸ ಮಾಡಿದವರ್ರೀ! ಕನ್ನಡ, ಮರಾಠಿ ಹುಡುಗ್ರಿಗೆ ಅಂತ ಹೊಂದಿಸಿ ಮಾಡಿದ್ದು. ನಮ್ಮ ತವರು ಊರಿನ ಹೆಸರು ಬಂದ್ರ ನಾನು ನಿಲ್ಲೂದೇ ಇಲ್ಲ...

ಹಾಂ, ಲೋಕಲ್ ಬಂತು. ಬೋರ್ಡ್ ಪರೀಕ್ಷೆಯ ರಿಯಾಯ್ತಿ ಬಗ್ಗೆ ಭಾಳ ಮಂದಿ ಕೇಳಿದ್ರಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯದ ಪಟ್ಟಿಯೊಳಗ ಎಡಿಎಚ್‌ಡಿ ಹೆಸರಿಲ್ಲ, ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕದ ತೊಂದರಿ) ಅದ. ಭಾಳಷ್ಟು ಹುಡುಗ್ರಿಗೆ ಎರಡೂ ಇರ್ತಾವ. ರಿಯಾಯ್ತಿಗೆ ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ಬೇಕಂದ್ರ ಸಯನ್, ನಾಯರ್‌ನಂಥ ಸರ್ಕಾರಿ ಆಸ್ಪತ್ರಿಗೇ ಹೋಗಬೇಕು, ಪ್ರೈವೇಟ್ ರಿಪೋರ್ಟ್ ಕೈಯಾಗ ಇದ್ರೂ.

ಗುಳಿಗಿ ಬಗ್ಗೆ ಕಾಮೆಂಟ್‌ನ್ಯಾಗ ಕೇಳಬ್ಯಾಡ್ರಿ, ಎಡಿಎಚ್‌ಡಿಗೆ ಕೊಡೋ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧ, ಅಂದ್ರ ಬಿಗಿ ನಿಯಮದಾಗ ಮಾರೂದು, ಅದು ಡಾಕ್ಟರ್ ಮಾತು. ಫಾರ್ಮಿನ ಹೊಸ ಪ್ರತಿ ಗಣಿತದ ಬಾಯಾರ ಕಡೆ ಕೊಟ್ಟೀನಿ, ಹೋದ ವರ್ಷದಿಂದ ಇವನಿಗೆ ಅವರೇ ಕಲಸ್ತಾರ. "ಒಂದೊಂದು ಪ್ರಶ್ನೆ ಓದಿ ತುಂಬ್ತೀನಿ, ಸೋಮವಾರ ತಗೊಂಡ್ ಹೋಗ್ರಿ" ಅಂದಾರ.