ಕಡಲಡಿಯ ತಂತಿ: ಕೂಗಿದರೆ ಕೇಳಿಸದು

ಕೇಳುಗರಿಗೆ ನಮಸ್ಕಾರ. ಕಡಲ ತಳದ ಟೆಲಿಗ್ರಾಫ್ ತಂತಿಯಲ್ಲಿ, ಅಂದರೆ ಕೇಬಲ್ಲಿನಲ್ಲಿ, ಸುದ್ದಿ ಸಾವಿರಾರು ಮೈಲಿ ಹೋಗಬೇಕಾದರೆ ಕರೆಂಟ್ ಜೋರಾಗಿ ಹಾಯಿಸಬೇಕು ಅನ್ನಿಸುತ್ತದೆ, ಅಲ್ಲವೇ? ಖಂಡಿತ ಬೇಡ. ಆ ಕಡೆಯ ಕಿವಿಯನ್ನು ಚುರುಕು ಮಾಡಬೇಕು.

ಬೇಸಿಗೆಯಲ್ಲಿ ಒಣಗಿ ಬಿರಿದ ಕಾಲುವೆಗೆ ತೂಬು ತೆಗೆಯಿರಿ. ಮೊದಲ ನೀರನ್ನು ಮಣ್ಣೇ ಕುಡಿಯುತ್ತದೆ. ಕೊನೆಯ ಗದ್ದೆಗೆ ತಡವಾಗಿ ಜಿನುಗುತ್ತದೆ; ತೂಬು ಮುಚ್ಚಿದ ಮೇಲೂ ಜಿನುಗುತ್ತಲೇ ಇರುತ್ತದೆ. ಕೇಬಲ್ಲೂ ಹೀಗೆಯೇ. ನಡುವೆ ತಾಮ್ರ, ಸುತ್ತ ಗಟ್ಟಾಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಹೊರಗೆ ಉಪ್ಪುನೀರು. ಇದು ವಿದ್ಯುತ್ತನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಉದ್ದ ಎರಡರಷ್ಟಾದರೆ ತಡ ನಾಲ್ಕರಷ್ಟು! ವೋಲ್ಟೇಜ್ ಏರಿಸಿದರೆ ಅಲೆ ಎತ್ತರವಾದೀತು, ಬೇಗ ಬಾರದು.

1858ರಲ್ಲಿ ಐರ್ಲೆಂಡಿನಿಂದ ಅಟ್ಲಾಂಟಿಕ್ ದಾಟಿ ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡಿಗೆ ಕೇಬಲ್ ಎಳೆದರು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶಕ್ಕೆ ಸುಮಾರು 16 ಗಂಟೆ ಹಿಡಿಯಿತು. ವಿದ್ಯುತ್ ವಿಭಾಗದ ಮುಖ್ಯಸ್ಥ ವೈಟ್‌ಹೌಸ್, ವೃತ್ತಿಯಲ್ಲಿ ಶಸ್ತ್ರವೈದ್ಯ, ಸುಮಾರು 2,000 ವೋಲ್ಟ್ ಹಾಯಿಸಿದ. ಮೊದಲೇ ಸೊರಗಿದ್ದ ಹೊದಿಕೆ ತಡೆಯಲಿಲ್ಲ. ಕೆಲವೇ ವಾರಗಳಲ್ಲಿ ಕೇಬಲ್ ಮೂಕವಾಯಿತು.

ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಮಾಡಿದ್ದು ಬೇರೆ: ಆ ಕಡೆಯ ಕಿವಿಯನ್ನೇ ಚುರುಕು ಮಾಡಿದ. ಉಗುರಿಗಿಂತ ಚಿಕ್ಕ ಕನ್ನಡಿ, ಅದರ ಬೆನ್ನಿಗೆ ಗಡಿಯಾರದ ಸ್ಪ್ರಿಂಗಿನಿಂದ ಮಾಡಿದ ಕಾಂತದ ಚೂರು, ತೂಗಲು ರೇಷ್ಮೆ ಎಳೆ, ಸುತ್ತ ತಂತಿಯ ಸುರುಳಿ. ದೀಪದ ಬೆಳಕು ಕನ್ನಡಿಗೆ ಬಡಿದು ಅಳತೆಪಟ್ಟಿಯ ಮೇಲೆ ಚುಕ್ಕೆಯಾಗಿ ಬೀಳುತ್ತದೆ. ಸುರುಳಿಯಲ್ಲಿ ಕರೆಂಟ್ ಹರಿದರೆ ಕಾಂತದ ಜೊತೆ ಕನ್ನಡಿ ತಿರುಗುತ್ತದೆ, ಚುಕ್ಕೆ ಸರಿಯುತ್ತದೆ. ಒಂದು ಕಡೆ ಸರಿದರೆ ತಂತಿ ಲಿಪಿಯ ಡಾಟ್ (ಚುಕ್ಕಿ), ಇನ್ನೊಂದು ಕಡೆ ಸರಿದರೆ ಡ್ಯಾಶ್ (ಗೆರೆ). ಒಬ್ಬ ನೋಡಿ ಹೇಳುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ.

1866ರಲ್ಲಿ ಎಂಜಿನಿಯರ್ ಲ್ಯಾಟಿಮರ್ ಕ್ಲಾರ್ಕ್ ಎರಡು ಹೊಸ ಅಟ್ಲಾಂಟಿಕ್ ಕೇಬಲ್‌ಗಳನ್ನು ಆಚೆ ತುದಿಯಲ್ಲಿ ಜೋಡಿಸಿ ಹೋಗಿಬರುವ ಒಂದೇ ದಾರಿ ಮಾಡಿದ: ಸುಮಾರು 6,000 ಕಿಲೋಮೀಟರ್. ಬ್ಯಾಟರಿ ಯಾವುದು ಗೊತ್ತೇ? ಹೊಲಿಯುವಾಗ ಬೆರಳಿಗೆ ಹಾಕುವ ಬೆಳ್ಳಿಯ ಅಂಗುಸ್ತಾನ. ಅದರೊಳಗೆ ಸತುವಿನ ಚೂರು, ನಾಲ್ಕಾರು ಹನಿ ಆಮ್ಲ, ಅಷ್ಟೇ. ಒಂದು ಸೆಕೆಂಡು ಚಿಲ್ಲರೆಯಲ್ಲಿ ಬೆಳಕಿನ ಚುಕ್ಕೆ ಪಟ್ಟಿಯ ಮೇಲೆ ಹನ್ನೆರಡು ಅಂಗುಲಕ್ಕೂ ಹೆಚ್ಚು ಸರಿಯಿತು! ಇಷ್ಟಾದ ಮೇಲೂ ವೋಲ್ಟೇಜ್ ಏರಿಸಿ ಎನ್ನುವವರಿಗೆ ಏನು ಹೇಳಲಿ.

ಸಮಯ ಮುಗಿಯುತ್ತ ಬಂತು, ಉಳಿದದ್ದು ಅವಸರದಲ್ಲಿ. ತಾಮ್ರ ದಪ್ಪ ಮಾಡಿದರೆ ಅಡ್ಡಿ ಕಡಿಮೆ. ಒಂದು ಮಿಡಿತದ ಬೆನ್ನಿಗೇ ಚಿಕ್ಕದೊಂದು ವಿರುದ್ಧ ಮಿಡಿತ ಕಳಿಸಿದರೆ ಕಾಲುವೆಯಲ್ಲಿ ಜಿನುಗುವ ನೀರಿನ ಬಾಲ ಕತ್ತರಿಸಿದಂತೆ, ಮುಂದಿನ ಅಕ್ಷರ ಕಲೆಸುವುದಿಲ್ಲ. 1870ರ ಮುಂಬಯಿ ಸುದ್ದಿಯನ್ನು ಏಡನ್‌ನಲ್ಲಿ ಗುಮಾಸ್ತರು ಓದಿ, ಸೂಯೆಜ್ ಕಡೆಗೆ ಕೈಯಾರೆ ಮತ್ತೆ ಕುಟ್ಟುತ್ತಿದ್ದರು. ಆ ಕಾಲದ ಆಂಪ್ಲಿಫೈಯರ್, ಅಂದರೆ ಸೊರಗಿದ ಸಂಕೇತಕ್ಕೆ ಬಲ ತುಂಬುವ ಯಂತ್ರ, ಎಂದರೆ ಆ ಗುಮಾಸ್ತರೇ. ಕಡಲೊಳಗೇ ಅಂಥ ಯಂತ್ರ ಇಳಿಸಿದ್ದು 1943ರಲ್ಲಿ, ಅದೂ ಟೆಲಿಫೋನಿಗಾಗಿ. ನಮಸ್ಕಾರ.