ಊಟ, ಓಟ ಮತ್ತು ಕ್ಯಾಲೊರಿ ಲೆಕ್ಕ

ಎಲ್ಲರಿಗೂ ನಮಸ್ಕಾರ.

"ನಿನ್ನೆ ರಾತ್ರಿ ಊಟ ಜಾಸ್ತಿ ಆಯ್ತು, ಇವತ್ತು ಒಂದು ಗಂಟೆ ಹೆಚ್ಚಿಗೆ ನಡೀಬೇಕು." ಈ ಮಾತನ್ನು ನೀವೆಲ್ಲ ಕೇಳಿರುತ್ತೀರಿ, ಹೇಳಿಯೂ ಇರುತ್ತೀರಿ. "ಬೆಳಿಗ್ಗೆ ಓಡಿದ್ದೀನಲ್ಲ, ಈಗ ಸಿಹಿ ತಿನ್ನಬಹುದು" ಅನ್ನುವುದೂ ಇದೇ ಜಾತಿಯ ಮಾತು. ಒಂದರಲ್ಲಿ ವ್ಯಾಯಾಮ ಅಂದರೆ ತಿಂದದ್ದಕ್ಕೆ ಕಟ್ಟುವ ದಂಡ. ಇನ್ನೊಂದರಲ್ಲಿ ಅದು ದುಡಿಮೆ, ಊಟ ಅದರ ಸಂಬಳ. ಈ ವ್ಯವಹಾರದಿಂದ ಊಟವೂ ಕೆಡುತ್ತದೆ, ವ್ಯಾಯಾಮವೂ ಕೆಡುತ್ತದೆ. ಇವತ್ತು ನಾನು ಹೇಳಬೇಕು ಅಂತಿರುವುದು ಇದನ್ನೇ.

ಮೊದಲು ಲೆಕ್ಕ ನೋಡೋಣ. 60 ಕೆಜಿ ತೂಕದ ಒಬ್ಬರು ಟ್ರೆಡ್‌ಮಿಲ್ ಮೇಲೆ ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದರು ಅನ್ನಿ. ಸುಮಾರು 100 ಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ 30ರಷ್ಟು, ಅವರು ಕುರ್ಚಿಯಲ್ಲಿ ಸುಮ್ನೆ ಕೂತಿದ್ದರೂ ಖರ್ಚಾಗುತ್ತಿತ್ತು. ನಡೆದದ್ದರಿಂದ ಹೆಚ್ಚಿಗೆ ಆದದ್ದು 70 ಮಾತ್ರ. ಎಷ್ಟೋ ಯಂತ್ರಗಳು ಆ 30ನ್ನು ಕಳೆಯದೆ ಪೂರ್ತಿ ಸಂಖ್ಯೆಯನ್ನೇ ತೋರಿಸುತ್ತವೆ.

ಕೈಗೆ ಕಟ್ಟುವ ಸಾಧನಗಳೂ ಅಷ್ಟೇ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ 7 ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಎದೆಬಡಿತವನ್ನು ಅವುಗಳಲ್ಲಿ 6 ಚೆನ್ನಾಗಿಯೇ ಅಳೆದವು. ಆದರೆ ಕ್ಯಾಲೊರಿ ಲೆಕ್ಕದಲ್ಲಿ, ಇದ್ದುದರಲ್ಲೇ ಒಳ್ಳೆಯ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ತೀರಾ ಕಳಪೆಯದು ಶೇ. 93ರಷ್ಟು! ಇಂಥ ಸಂಖ್ಯೆಯನ್ನು ನಂಬಿಕೊಂಡು ಎಷ್ಟೋ ಜನ ರಾತ್ರಿ ಊಟ ಮಾಡಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾರೆ. ನನಗೆ ಸಂಕಟ ಆಗುವುದು ಇಲ್ಲೇ.

"ಇವತ್ತು ಏನೂ ಮಾಡಿಲ್ಲ, ಊಟ ಬೇಡ" ಅನ್ನುವವರಿಗೆ ಒಂದು ಮಾತು. ದಿನಕ್ಕೆ ನಮ್ಮ ದೇಹ ಬಳಸುವ ಶಕ್ತಿಯಲ್ಲಿ ಹೆಚ್ಚಿನವರಲ್ಲಿ ಶೇ. 60ರಿಂದ 70ರಷ್ಟು ಹೋಗುವುದು ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡ ಇವೆಲ್ಲ ನಡೆಯುವುದಕ್ಕೆ, ಮೈ ಬೆಚ್ಚಗಿರುವುದಕ್ಕೆ. ಇಡೀ ದಿನ ಹಾಸಿಗೆಯಲ್ಲೇ ಮಲಗಿದ್ದರೂ ಅದು ಬೇಕೇ ಬೇಕು. ಹಾಗಾಗಿ ಏನೂ ಮಾಡದ ದಿನ ಅನ್ನೋದು ದೇಹಕ್ಕೆ ಇಲ್ಲವೇ ಇಲ್ಲ.

ಟಾಂಜಾನಿಯಾದ ಹಡ್ಜಾ ಜನ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ದಿನಾ ಮೈಲಿಗಟ್ಟಲೆ ನಡೆಯುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅವರ ದಿನದ ಶಕ್ತಿ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರವನ್ನು ಗಮನಕ್ಕೆ ತಗೊಂಡು ನೋಡಿದರೆ, ಅದು ಅಮೆರಿಕ, ಯುರೋಪಿನ ಜನರ ಖರ್ಚಿಗಿಂತ ಹೆಚ್ಚೇನೂ ಇರಲಿಲ್ಲ. ಓಡಾಟ ಜಾಸ್ತಿಯಾದಾಗ ದೇಹ ಬೇರೆ ಕೆಲಸಗಳ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ ಅನ್ನುವುದು ಪಾಂಟ್ಜರ್ ಅವರ ವಾದ. ಎಷ್ಟರ ಮಟ್ಟಿಗೆ ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ. ಏನೇ ಇರಲಿ, ಇಷ್ಟು ತಿಂದರೆ ಇಷ್ಟು ನಿಮಿಷ ಓಟ ಅನ್ನುವಷ್ಟು ಸರಳವಾಗಿಲ್ಲ ಇದು.

ಲೆಕ್ಕದ ತಪ್ಪನ್ನು ತಿದ್ದಿಕೊಳ್ಳಬಹುದು. ಮನಸ್ಸಿಗೆ ಅಂಟಿದ ಅಭ್ಯಾಸ ಬಿಡಿಸುವುದು ಕಷ್ಟ. ಮೊದಮೊದಲು ಸಿಹಿ ತಿಂದ ದಿನ ಮಾತ್ರ ಹೆಚ್ಚಿಗೆ ಓಟ. ಆಮೇಲೆ ಮಾಮೂಲಿ ಊಟಕ್ಕೂ. ಜ್ವರ ಇದ್ದರೂ ಶೂ ಹಾಕಿಕೊಂಡು ಹೊರಡುತ್ತಾರೆ. ಕಾಲು ಉಳುಕಿದರೆ ಓಡೋಕಾಗಲ್ಲ ಅಂತ ಊಟ ಬಿಡುತ್ತಾರೆ. ಪೆಟ್ಟಾದ ಕಾಲು ವಾಸಿಯಾಗಲು ಆಹಾರ ಬೇಕಾದ ಹೊತ್ತಲ್ಲೇ! ಸ್ನೇಹಿತರ ಜೊತೆ ಊಟಕ್ಕೆ ಕೂತಾಗಲೂ ಮಾತಿನ ಕಡೆ ಗಮನ ಇರುವುದಿಲ್ಲ, ಒಂದೊಂದು ತುತ್ತಿಗೂ ಮನಸ್ಸಲ್ಲೇ ನಿಮಿಷ ಎಣಿಸುತ್ತಿರುತ್ತಾರೆ. ನೋಡಿದವರು "ಎಷ್ಟು ಶಿಸ್ತು ನೋಡಿ!" ಅಂತ ಹೊಗಳುತ್ತಾರೆ. ಹಾಗೆ ಹೊಗಳುವಾಗ ಸ್ವಲ್ಪ ಯೋಚಿಸಿ ಅಂತ ಕೇಳಿಕೊಳ್ಳುತ್ತೇನೆ.

ಬುಲಿಮಿಯಾ ಅನ್ನುವುದು ಮಿತಿಮೀರಿ ತಿಂದು, ಆಮೇಲೆ ಅದನ್ನು ಹೇಗಾದರೂ ಸರಿದೂಗಿಸಲು ಹೆಣಗುವ ಕಾಯಿಲೆ. ಅದರ ಹೆಸರು ಕೇಳಿದ ತಕ್ಷಣ ಜನಕ್ಕೆ ನೆನಪಾಗುವುದು ವಾಂತಿ ಮಾಡಿಕೊಳ್ಳುವುದು. ಮನೋವೈದ್ಯರು ಆ ಕಾಯಿಲೆಯನ್ನು ಗುರುತಿಸುವಾಗ, ತಿಂದದ್ದನ್ನು ಸರಿದೂಗಿಸಲು ಮಿತಿಮೀರಿ ವ್ಯಾಯಾಮ ಮಾಡುವುದನ್ನೂ ನೋಡುತ್ತಾರೆ. ಎಲ್ಲರದೂ ಅಲ್ಲಿಯವರೆಗೆ ಹೋಗುವುದಿಲ್ಲ, ನಿಜ. ಆದರೆ ದುಡಿಯುವಷ್ಟು ಆಹಾರ ದೇಹಕ್ಕೆ ಸಿಗದಿದ್ದರೆ ಏನಾಗುತ್ತದೆ ಅಂತ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲೇ ಎಚ್ಚರಿಸಿದ್ದಾರೆ. ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಮೂಳೆ ಬಲ ಕಳೆದುಕೊಳ್ಳಬಹುದು, ರೋಗನಿರೋಧಕ ಶಕ್ತಿ ಕುಗ್ಗಬಹುದು. ಗಂಡಸರಿಗೂ ಇದರಿಂದ ವಿನಾಯಿತಿ ಇಲ್ಲ.

ವ್ಯಾಯಾಮ ಬೇಡ ಅಂತ ನಾನು ಹೇಳುತ್ತಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ಅದರಿಂದ ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ, ನಿದ್ದೆಗೆ, ಮನಸ್ಸಿಗೆ ಒಳ್ಳೆಯದು. ಕ್ಯಾಲೊರಿಗೋಸ್ಕರ ಓಡಲು ಶುರು ಮಾಡಿದವರು ತೂಕ ಇಳಿಯಲಿಲ್ಲ ಅಂತ ನಿಲ್ಲಿಸಿಬಿಡುತ್ತಾರೆ. ಈ ಲಾಭಗಳೆಲ್ಲ ಅಲ್ಲಿಗೇ ನಿಂತುಹೋಗುತ್ತವೆ ಅಲ್ವಾ?

ಟ್ರೆಡ್‌ಮಿಲ್ ಪರದೆಯ ಮೇಲೆ ಟವೆಲ್ ಹಾಕಿ. ವಾಚಿನಲ್ಲಿ ಕ್ಯಾಲೊರಿ ಕಾಣದಂತೆ ಮಾಡಿಕೊಳ್ಳಿ. ವ್ಯಾಯಾಮ ಇಲ್ಲದ ದಿನವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಕ್ಕಳಿಗಂತೂ "ಇಷ್ಟು ತಿಂದ್ಯಲ್ಲ, ಹೋಗಿ ನಾಲ್ಕು ಸುತ್ತು ಓಡು" ಅನ್ನಲೇಬೇಡಿ. ಆಟಕ್ಕೆ ಕಳಿಸುವುದಾದರೆ ಆಟಕ್ಕೆ ಅಂತಲೇ ಕಳಿಸಿ.

ವ್ಯಾಯಾಮ ತಪ್ಪಿದ ದಿನ ಊಟ ಮಾಡಲು ಭಯ ಆಗುತ್ತಿದ್ದರೆ, ಮುಟ್ಟು ನಿಂತಿದ್ದರೆ, ಮೇಲಿಂದ ಮೇಲೆ ಮೂಳೆ ಬಿರುಕು ಬಿಡುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ನೋಡಲು ಸಣ್ಣಗಿಲ್ಲವಲ್ಲ ಅಂತ ಸುಮ್ಮನಿರಬೇಡಿ. ಯಾವ ತೂಕದವರಿಗೂ ಇದು ಆಗಬಹುದು. ಎಷ್ಟು ಓಡುತ್ತೀರಿ ಅನ್ನುವುದರ ಜೊತೆಗೆ, ಓಡದಿದ್ದರೆ ಏನನ್ನಿಸುತ್ತದೆ ಅನ್ನುವುದನ್ನೂ ಅವರಿಗೆ ಹೇಳಿ. ಆ ಎರಡನೆಯದನ್ನು ನೀವಾಗಿ ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಕಷ್ಟ.